ಯೋಧ ತೀರಿಕೊಂಡ ಮೇಲೆ ಮನೆಯವರ ಚಿಕಿತ್ಸೆ ಯಾರ ಹೊಣೆ?

ಪ್ರಶ್ನೆ: ಸೈನಿಕರೊಬ್ಬರು ಗಾಯಗೊಂಡು ನಿವೃತ್ತರಾದರೆ ಅಥವಾ ತೀರಿಕೊಂಡರೆ ಅವರ ಕುಟುಂಬಕ್ಕೆ ಆಸ್ಪತ್ರೆ ಸೌಲಭ್ಯ ಉಂಟೆ? (ಗುಡವಿಯ ಓದುಗರು)

ಉತ್ತರ: ಖಂಡಿತ ಉಂಟು. ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ, ಅಂದರೆ ಇಸಿಎಚ್‌ಎಸ್, 2003ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇಲ್ಲಿ ಮುಖ್ಯವಾದುದು ಪಿಂಚಣಿ. ಅಂಗವೈಕಲ್ಯ ಪಿಂಚಣಿ ಪಡೆಯುವ ಯೋಧರೂ ಕುಟುಂಬ ಪಿಂಚಣಿ ಪಡೆಯುವ ಪತ್ನಿಯೂ ಸದಸ್ಯರಾಗಬಹುದು. ಸೇರುವಾಗ ಒಮ್ಮೆ ವಂತಿಗೆ ಕಟ್ಟಬೇಕು. ಯುದ್ಧದಲ್ಲಿ ಮಡಿದವರ ಪತ್ನಿಯರಿಗೆ ಅದೂ ಇಲ್ಲ; ಅದು ನ್ಯಾಯವೇ.

ಮಕ್ಕಳ ವಿಷಯದಲ್ಲಿ ಗೊಂದಲ ಹೆಚ್ಚು. ಮಗನಿಗೆ 25 ವರ್ಷದವರೆಗೆ, ಅಷ್ಟರೊಳಗೆ ಕೆಲಸವೋ ಮದುವೆಯೋ ಆದರೆ ಅಲ್ಲಿಯವರೆಗೆ ಮಾತ್ರ. ಮಗಳಿಗೆ ವಯಸ್ಸಿನ ಮಿತಿಯಿಲ್ಲ, ಕೆಲಸ ಅಥವಾ ಮದುವೆಯವರೆಗೆ ಸೌಲಭ್ಯ ಸಿಗುತ್ತದೆ. ಅಂಗವಿಕಲರಾಗಿ ಆಶ್ರಯದಲ್ಲಿರುವ ಮಕ್ಕಳಿಗೂ ವಯಸ್ಸಿನ ಮಿತಿ ಅಡ್ಡಬರುವುದಿಲ್ಲ. ಆದಾಯ ಕಡಿಮೆಯಿರುವ ಅವಲಂಬಿತ ತಂದೆತಾಯಿಯರನ್ನೂ ಸೇರಿಸಬಹುದು.

ಸೊರಬ, ಶಿಕಾರಿಪುರದ ಕಡೆಯವರಿಗೆ ಹತ್ತಿರದ ಇಸಿಎಚ್‌ಎಸ್ ಚಿಕಿತ್ಸಾಲಯ ಶಿವಮೊಗ್ಗದಲ್ಲಿದೆ. ವಯಸ್ಸಾದ ತಾಯಂದಿರಿಗೆ ಅಷ್ಟು ದೂರದ ಬಸ್ ಪ್ರಯಾಣ ನಿಜಕ್ಕೂ ಕಷ್ಟ. ತುರ್ತು ಸಂದರ್ಭದಲ್ಲಿ ಯಾವುದೇ ಆಸ್ಪತ್ರೆಗೆ ಸೇರಿಸಬಹುದು, ಆದರೆ 48 ಗಂಟೆಯೊಳಗೆ ಚಿಕಿತ್ಸಾಲಯಕ್ಕೆ ತಿಳಿಸಲೇಬೇಕು. ನಿಮ್ಮೂರಿನಲ್ಲಿ ಇಂಥ ಕುಟುಂಬವಿದ್ದರೆ, ಪಿಂಚಣಿ ಪತ್ರದೊಂದಿಗೆ ಶಿವಮೊಗ್ಗದ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ದಯವಿಟ್ಟು ಕರೆದೊಯ್ಯಿರಿ.