ರಸ್ತೆ ಕೆಡುವುದು ಕೆಳಗಿನಿಂದ

ಮುಂಗಾರು ಹಿಡಿದ ಹದಿನೈದೇ ದಿನಗಳಲ್ಲಿ ಊರೂರಿನ ರಸ್ತೆಗಳು ಹೊಂಡ ಬೀಳುತ್ತವೆ. ಬೇಸಿಗೆಯಲ್ಲಷ್ಟೇ ಡಾಂಬರು ಕಂಡ ರಸ್ತೆಗಳೂ ಇದಕ್ಕೆ ಹೊರತಲ್ಲ. ‘ಡಾಂಬರು ಸರಿಯಾಗಿ ಹಾಕಿಲ್ಲ, ದುಡ್ಡು ನುಂಗಿದ್ದಾರೆ’ ಎಂದು ಜನ ಶಪಿಸುತ್ತಾರೆ. ಎಷ್ಟೋ ಸಲ ಅದು ನಿಜವೂ ಇರಬಹುದು. ಆದರೆ ಒಳ್ಳೆಯ ಡಾಂಬರು ಹಾಕಿದ ರಸ್ತೆಯೂ ಎರಡು ಮಳೆಗಾಲಕ್ಕೆ ಕಿತ್ತುಹೋಗುವುದುಂಟು. ಅದೇ ಲಾರಿ, ಅದೇ ಬಸ್ಸು ಬೇಸಿಗೆಯುದ್ದಕ್ಕೂ ಓಡಾಡಿದಾಗ ಏನೂ ಆಗದ ರಸ್ತೆಗೆ ಮಳೆ ಬಂದೊಡನೆ ಏನಾಗುತ್ತದೆ? ಉತ್ತರ ಹುಡುಕಬೇಕಾದರೆ ಡಾಂಬರಿನ ಕೆಳಗೆ ಇಣುಕಬೇಕು.

ಭಾರ ಹೊರುವುದು ಮಣ್ಣು

ರಸ್ತೆಯೆಂದರೆ ನಮಗೆ ಕಾಣುವುದು ಮೇಲಿನ ಕಪ್ಪು ಹೊದಿಕೆ ಮಾತ್ರ. ಹಳ್ಳಿಯ ಅನೇಕ ರಸ್ತೆಗಳಲ್ಲಿ ಅದರ ದಪ್ಪ ಎರಡು ಸೆಂಟಿಮೀಟರ್ ಅಷ್ಟೇ. ಅದರಡಿ ಜಲ್ಲಿಯ ಪದರ, ಅದರಡಿ ಮೊರಂ ಅಥವಾ ದಪ್ಪ ಮರಳಿನಂಥ ಪದರ, ಎಲ್ಲಕ್ಕೂ ಕೆಳಗೆ ಆ ಜಾಗದ ಮಣ್ಣು. ಚಕ್ರದ ಭಾರ ಒಂದು ಪದರದಿಂದ ಇನ್ನೊಂದಕ್ಕೆ ಇಳಿಯುತ್ತಾ, ಅಗಲವಾಗಿ ಹರಡುತ್ತಾ ಕೊನೆಗೆ ಮಣ್ಣನ್ನು ಸೇರುತ್ತದೆ. ಮೇಲಿನ ಪದರಗಳೆಲ್ಲ ಭಾರವನ್ನು ಹಂಚುವ ಮಧ್ಯವರ್ತಿಗಳು. ಕೊನೆಗೆ ಹೊರುವುದು ಮಣ್ಣೇ.

ಈ ಸತ್ಯವನ್ನು ಇನ್ನೂರು ವರ್ಷಗಳ ಹಿಂದೆಯೇ ಖಚಿತವಾಗಿ ಹೇಳಿದವನು ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಂ (1756–1836). ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಲಿನ ರಸ್ತೆಗಳ ಉಸ್ತುವಾರಿ ವಹಿಸಿಕೊಂಡಿದ್ದ ಅವನ ವಾದ ಸರಳವಾಗಿತ್ತು: ನೆಲದ ಮಣ್ಣನ್ನು ಒಣಗಿದ ಸ್ಥಿತಿಯಲ್ಲಿಟ್ಟರೆ ಅದು ಎಂಥ ಭಾರವನ್ನಾದರೂ ಕುಸಿಯದೆ ಹೊರುತ್ತದೆ, ಮೇಲಿನ ಕಲ್ಲಿನ ಪದರದ ಮುಖ್ಯ ಕೆಲಸ ಮಳೆನೀರು ಕೆಳಗಿಳಿಯದಂತೆ ತಡೆಯುವುದು. ಇಂದಿಗೂ ರಸ್ತೆ ಎಂಜಿನಿಯರುಗಳ ಮೊದಲ ಪಾಠ ಇದೇ.

ಒದ್ದೆ ಮರಳು, ಕೆಸರು ಮರಳು

ಹಾಗಾದರೆ ನೀರು ಮಣ್ಣಿನ ಶತ್ರುವೇ? ಹಾಗೇನಿಲ್ಲ. ಸಮುದ್ರದ ದಂಡೆಯಲ್ಲಿ ಒಣ ಮರಳಿನ ಮೇಲೆ ನಡೆದರೆ ಕಾಲು ಹೂತುಹೋಗುತ್ತದೆ. ತುಸು ಒದ್ದೆಯಾದ ಮರಳಿನ ಮೇಲೆ ಸೈಕಲ್ಲನ್ನೇ ಓಡಿಸಬಹುದು. ಅದೇ ಮರಳು ನೀರಿನಲ್ಲಿ ತೊಯ್ದು ತೊಪ್ಪೆಯಾದರೆ ಮತ್ತೆ ಕಾಲು ಹೂಳುತ್ತದೆ. ಮಣ್ಣಿಗೂ ಹೀಗೊಂದು ಹದವಿದೆ. ಎಷ್ಟು ನೀರು ಸೇರಿಸಿ ರೋಲರ್ ಹೊಡೆದರೆ ಮಣ್ಣು ಅತ್ಯಂತ ಬಿಗಿಯಾಗುತ್ತದೆ ಎಂದು ಕಂಡುಹಿಡಿಯುವ ವಿಧಾನವನ್ನು 1933ರಲ್ಲಿ ಪ್ರಕಟಿಸಿದವನು ಅಮೆರಿಕದ ಎಂಜಿನಿಯರ್ ಪ್ರಾಕ್ಟರ್. ಅವನ ಹೆಸರಿನ ಪರೀಕ್ಷೆಯನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಇಂದಿಗೂ ಮಾಡುತ್ತಾರೆ. ಹದ ಮೀರಿ ನೀರು ಸೇರಿದಾಗಲೇ ಅಪಾಯ.

ರಸ್ತೆಗೆ ಮಣ್ಣು ಎಷ್ಟು ಗಟ್ಟಿ ಎಂದು ಅಳೆಯಲು ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆ ರೂಪಿಸಿದ ಇನ್ನೊಂದು ಪರೀಕ್ಷೆಯಿದೆ. ಅದೇ ಸಿ.ಬಿ.ಆರ್. ಪರೀಕ್ಷೆ. ಅಚ್ಚಿನಲ್ಲಿ ಬಿಗಿದ ಮಣ್ಣಿನೊಳಕ್ಕೆ 50 ಮಿಲಿಮೀಟರ್ ವ್ಯಾಸದ ಉಕ್ಕಿನ ಕಡ್ಡಿಯನ್ನು ಒತ್ತಿ, ಅದಕ್ಕೆ ಬೇಕಾದ ಬಲವನ್ನು ಪುಡಿಜಲ್ಲಿಗೆ ಬೇಕಾಗುವ ಬಲದೊಂದಿಗೆ ಹೋಲಿಸುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ಒತ್ತುವ ಮೊದಲು ಮಣ್ಣನ್ನು ನಾಲ್ಕು ದಿನ ನೀರಿನಲ್ಲಿ ನೆನೆಹಾಕುವುದು ವಾಡಿಕೆ. ರಸ್ತೆಯ ದಪ್ಪ ನಿರ್ಧಾರವಾಗಬೇಕಾದದ್ದು ಬೇಸಿಗೆಯ ಬಲದಿಂದಲ್ಲ, ಮಳೆಗಾಲದ ದೌರ್ಬಲ್ಯದಿಂದ ಎಂಬುದು ಇದರ ಹಿಂದಿನ ತರ್ಕ.

ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಿರುತ್ತದೆ. ನೆನೆದ ಮೇಲೆ ಅದರ ಸಿ.ಬಿ.ಆರ್. ಎರಡು–ಮೂರಕ್ಕೆ ಇಳಿಯುವುದು ಸಾಮಾನ್ಯ. ಪುಡಿಜಲ್ಲಿಯನ್ನು ನೂರು ಎಂದು ಇಟ್ಟುಕೊಂಡರೆ ಇದು ಎರಡು ಅಥವಾ ಮೂರು! ಸಾಲದ್ದಕ್ಕೆ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮೇಲಿನ ರಸ್ತೆ ಅಲೆಅಲೆಯಾಗುವುದು ಅದರಿಂದಲೇ. ಅಲ್ಲಿನ ಮಣ್ಣಿಗೆ ಸುಣ್ಣ ಬೆರೆಸಿ ಹದಮಾಡುವ ಕ್ರಮ ಇರುವುದೂ ಇದೇ ಕಾರಣಕ್ಕೆ.

ನೀರು ಬರುವ ದಾರಿಗಳು

ರಸ್ತೆಯೊಳಕ್ಕೆ ನೀರು ನುಗ್ಗುವ ದಾರಿ ಒಂದಲ್ಲ. ಮೇಲಿನಿಂದ ಬಿರುಕುಗಳ ಮೂಲಕ ಇಳಿಯುತ್ತದೆ. ಪಕ್ಕದಿಂದ, ಅಂದರೆ ಹೂಳು ತುಂಬಿದ ಚರಂಡಿಯಿಂದ, ರಸ್ತೆಯ ಅಂಚಿನ ಮಣ್ಣಿನ ಮೂಲಕ ಒಸರುತ್ತದೆ. ಒಡೆದ ನಲ್ಲಿ ಪೈಪು ಮಳೆಯಿಲ್ಲದ ಕಾಲದಲ್ಲೂ ಸೋರುತ್ತಿರುತ್ತದೆ. ನಾಲ್ಕನೆಯದು ಕೆಳಗಿನಿಂದ ಮೇಲೇರುವ ನೀರು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಸಣ್ಣ ಕಣಗಳ ಮಣ್ಣು ಅಂತರ್ಜಲವನ್ನು ಮೇಲಕ್ಕೆಳೆಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ತಳ ಕತ್ತರಿಸಿದ ಎರಡು ಪ್ಲಾಸ್ಟಿಕ್ ಬಾಟಲಿಗಳ ಒಂದು ತುದಿಗೆ ಬಟ್ಟೆ ಕಟ್ಟಿ, ಒಂದಕ್ಕೆ ಒಣಗಿದ ದಪ್ಪ ಮರಳು, ಇನ್ನೊಂದಕ್ಕೆ ಪುಡಿಮಾಡಿದ ನುಣುಪು ಜೇಡಿಮಣ್ಣು ತುಂಬಿ. ಬಟ್ಟೆ ಕಟ್ಟಿದ ತುದಿ ಮುಳುಗುವಂತೆ ಎರಡನ್ನೂ ನೀರಿನ ತಟ್ಟೆಯಲ್ಲಿ ನಿಲ್ಲಿಸಿ, ಕೆಲವು ದಿನ ತಟ್ಟೆಯ ನೀರು ಒಣಗದಂತೆ ನೋಡಿಕೊಳ್ಳಿ. ಮರಳಿನಲ್ಲಿ ನೀರು ಬೇಗನೆ ಸ್ವಲ್ಪ ಏರಿ ನಿಂತುಬಿಡುತ್ತದೆ. ಜೇಡಿಯಲ್ಲಿ ನಿಧಾನವಾಗಿ, ಆದರೆ ಬಹಳ ಎತ್ತರಕ್ಕೆ ಏರುತ್ತದೆ. ರಸ್ತೆಯಡಿ ದಪ್ಪ ಮರಳಿನಂಥ ಪದರ ಹಾಕುವುದು ಏಕೆಂದು ಈಗ ಹೊಳೆಯುತ್ತದೆ. ಅದು ಕೆಳಗಿನ ನೀರನ್ನು ಮೇಲೆ ಬಿಡುವುದಿಲ್ಲ, ಒಳಬಂದ ನೀರನ್ನು ಪಕ್ಕಕ್ಕೆ ಸಾಗಿಸುತ್ತದೆ.

ಚಕ್ರ ಎಂಬ ಪಂಪು

ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದು ಎಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಜಲ್ಲಿಯ ಸಂದುಗಳಲ್ಲಿ ನೀರು ತುಂಬಿ ನಿಂತಿರುವಾಗ ಲಾರಿಯ ಚಕ್ರ ಹಾದುಹೋದರೆ ಆ ನೀರು ಎಲ್ಲಿಗೆ ಹೋಗಬೇಕು? ಸಿಕ್ಕ ಸಂದಿಯಲ್ಲಿ ರಭಸದಿಂದ ಚಿಮ್ಮುತ್ತದೆ, ಜೊತೆಗೆ ನುಣುಪು ಮಣ್ಣನ್ನೂ ಹೊತ್ತು ತರುತ್ತದೆ. ಮಳೆ ನಿಂತ ಮೇಲೂ ರಸ್ತೆಯ ಬಿರುಕಿನಿಂದ ಕೆಸರು ನೀರು ಒಸರುತ್ತಿದ್ದರೆ ಅದು ಇದರ ಗುರುತು. ಪ್ರತಿ ಚಕ್ರಕ್ಕೂ ಒಳಗೆ ಒಂದಿಷ್ಟು ಟೊಳ್ಳಾಗುತ್ತದೆ. ಆಸರೆ ತಪ್ಪಿದ ಡಾಂಬರು ಬಾಗಿ ಬಾಗಿ ಮೊಸಳೆಯ ಚರ್ಮದಂತೆ ಬಿರಿಯುತ್ತದೆ. ಬಿರುಕಿನಲ್ಲಿ ಇನ್ನಷ್ಟು ನೀರು ಇಳಿದು ಒಂದು ದಿನ ತುಂಡು ಎದ್ದುಹೋಗುತ್ತದೆ. ಅದೇ ಹೊಂಡ.

1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ ಪ್ರಯೋಗಕ್ಕೆಂದೇ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಲಾರಿಗಳನ್ನು ಸತತವಾಗಿ ಓಡಿಸಲಾಯಿತು. ಅಲ್ಲಿ ಹಿಮ ಕರಗಿ ನೆಲ ತೊಯ್ದಿರುವ ವಸಂತದಲ್ಲೇ ಹೆಚ್ಚು ಹಾನಿ ಕಂಡುಬಂತು. ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ ಎಂಬುದೂ ಆ ಪ್ರಯೋಗದಿಂದ ಹೊರಬಿದ್ದ ಲೆಕ್ಕ. ಮಿತಿಮೀರಿ ಹೇರಿದ ಲಾರಿ ಮತ್ತು ನೆನೆದ ನೆಲ ಜೊತೆಯಾದರೆ ರಸ್ತೆಯ ಆಯುಷ್ಯ ಮುಗಿದಂತೆಯೇ.

ಮೇಲಿನ ಪದರಕ್ಕೂ ನೀರಿನ ಕಾಟ ತಪ್ಪಿದ್ದಲ್ಲ. ದಕ್ಷಿಣ ಕರ್ನಾಟಕದಲ್ಲಿ ಹೇರಳವಾಗಿರುವ ಗ್ರಾನೈಟ್ ಜಾತಿಯ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಮೋಹ ಹೆಚ್ಚು. ನೀರು ನಿಂತರೆ ಜಲ್ಲಿ ಡಾಂಬರಿನ ಲೇಪವನ್ನು ಬಿಟ್ಟುಕೊಡುತ್ತದೆ. ಇದನ್ನು ತಡೆಯಲು ಮಿಶ್ರಣಕ್ಕೆ ಸುಣ್ಣ ಅಥವಾ ಅಂಟು ಹೆಚ್ಚಿಸುವ ರಾಸಾಯನಿಕ ಸೇರಿಸುತ್ತಾರೆ. ಮದುರೆಯ ಪ್ರಾಧ್ಯಾಪಕ ಆರ್. ವಾಸುದೇವನ್ ತೋರಿಸಿಕೊಟ್ಟ ಪ್ಲಾಸ್ಟಿಕ್ ರಸ್ತೆಯ ಗುಟ್ಟೂ ಇದೇ. ಬಿಸಿ ಜಲ್ಲಿಗೆ ಪ್ಲಾಸ್ಟಿಕ್ಕಿನ ತೆಳು ಲೇಪವಾದರೆ ನೀರಿಗೆ ಅಂಟಿಕೊಳ್ಳಲು ಕಲ್ಲು ಸಿಗುವುದಿಲ್ಲ.

ಚರಂಡಿಯೂ ರಸ್ತೆಯೇ

ಪರಿಹಾರವೇನು? ಮೊದಲನೆಯದು ರಸ್ತೆಯ ಆಮೆಬೆನ್ನು. ಏಳು ಮೀಟರ್ ಅಗಲದ ರಸ್ತೆಗೆ ನೂರಕ್ಕೆ ಎರಡೂವರೆಯ ಇಳಿಜಾರು ಕೊಟ್ಟರೆ ನಡುಭಾಗ ಅಂಚಿಗಿಂತ ಸುಮಾರು ಒಂಬತ್ತು ಸೆಂಟಿಮೀಟರ್ ಎತ್ತರವಿರುತ್ತದೆ. ಅಷ್ಟಿದ್ದರೆ ಮಳೆನೀರು ನಿಲ್ಲದೆ ಹರಿಯುತ್ತದೆ. ಎರಡನೆಯದು, ಅಂಚಿನ ಮಣ್ಣು ರಸ್ತೆಗಿಂತ ಎತ್ತರವಾಗಬಾರದು. ಎತ್ತರವಾದರೆ ರಸ್ತೆ ತೊಟ್ಟಿಯಾಗುತ್ತದೆ. ಮೂರನೆಯದು, ನೀರು ಸಾಗಿಸುವ ಕೆಳಪದರ ಚರಂಡಿಯ ಬದಿಗೆ ತೆರೆದುಕೊಂಡಿರಬೇಕು, ಚರಂಡಿಯ ತಳ ಆ ಪದರಕ್ಕಿಂತ ಕೆಳಗಿರಬೇಕು. ಚರಂಡಿ ತುಂಬಿದರೆ ನೀರು ಅದೇ ದಾರಿಯಲ್ಲಿ ಹಿಂದಕ್ಕೆ ನುಗ್ಗುತ್ತದೆ.

ಇಷ್ಟನ್ನೂ ಬಿಟ್ಟು ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಸುರಿದರೆ ಹುಣ್ಣಿನ ಮೇಲೆ ಹೊಸ ಅಂಗಿ ತೊಡಿಸಿದಂತೆ. ರಸ್ತೆ ಎತ್ತರವಾಗಿ ಅಕ್ಕಪಕ್ಕದ ಮನೆಗಳಿಗೆ ನೀರು ನುಗ್ಗುತ್ತದೆಯೇ ಹೊರತು ಕೆಳಗಿನ ರೋಗ ವಾಸಿಯಾಗುವುದಿಲ್ಲ. ಕಾಂಕ್ರೀಟು ಹೆಚ್ಚು ಬಾಳುತ್ತದೆ ನಿಜ. ಮಳೆ ಹೊಯ್ಯುವ ಶಿರಾಡಿ ಘಾಟಿಯ ರಸ್ತೆಗೆ 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟು ಹಾಕಿದ್ದು ಅದಕ್ಕೇ. ಆದರೆ ಹಲಗೆಗಳ ಸಂದಿನಿಂದ ನೀರಿಳಿದು ಕೆಳಗಿನ ಮಣ್ಣು ಕೊಚ್ಚಿದರೆ ಕಾಂಕ್ರೀಟೂ ಒಡೆಯುತ್ತದೆ.

ನಮ್ಮ ಪಾಲೂ ಇದರಲ್ಲಿದೆ. ವಾಹನ ಹತ್ತಿಸಲು ಮನೆಯ ಮುಂದಿನ ಚರಂಡಿಯನ್ನು ಮುಚ್ಚಿಬಿಡುವುದು, ಕಟ್ಟಡದ ಮರಳು–ಜಲ್ಲಿಯನ್ನು ಅದರಲ್ಲೇ ರಾಶಿ ಹಾಕುವುದು, ಬಚ್ಚಲ ನೀರನ್ನು ರಸ್ತೆಗೆ ಬಿಡುವುದು, ಪೈಪಿಗಾಗಿ ಅಗೆದ ಗುಂಡಿಯನ್ನು ಸಡಿಲ ಮಣ್ಣಿನಿಂದ ಮುಚ್ಚಿಸಿ ಸುಮ್ಮನಾಗುವುದು, ಇವೆಲ್ಲ ರಸ್ತೆಯ ಬುಡಕ್ಕೆ ನೀರೆರೆಯುವ ಕೆಲಸಗಳೇ. ಹೀಗೆ ಹುಟ್ಟಿದ ಹೊಂಡದ ಆಳ ನೀರು ತುಂಬಿದಾಗ ತಿಳಿಯುವುದಿಲ್ಲ. ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಗು, ಸ್ಕೂಟರಿನಲ್ಲಿ ಕಚೇರಿಗೆ ಹೊರಟ ತಾಯಿ ಅದಕ್ಕೆ ಬಲಿಯಾಗಬಹುದು. ನಿಮ್ಮ ಬೀದಿಗೆ ಮುಂದಿನ ಸಲ ಡಾಂಬರು ಹಾಕಲು ಬಂದಾಗ ಎಷ್ಟು ದಪ್ಪ ಹಾಕುತ್ತೀರಿ ಎಂದು ಕೇಳುವುದರ ಜೊತೆಗೆ, ನೀರು ಹೋಗುವುದು ಎಲ್ಲಿಗೆ ಎಂದೂ ಕೇಳಿ. ಆ ಪ್ರಶ್ನೆಗೆ ಸರಿಯಾದ ಉತ್ತರವಿರುವ ಬೀದಿಯ ರಸ್ತೆ ಬಾಳುತ್ತದೆ.