ಹೊಂಡದ ನೀರಿಗೆ ಮೊದಲು ಫಿಲ್ಟರ್, ಆಮೇಲೆ ಪಂಪು

ನೀರು ಕೂಡಿಡುವುದನ್ನು ಜಮಖಂಡಿ ಸೀಮೆಯ ರೈತರಿಗೆ ಯಾರೂ ಕಲಿಸಬೇಕಿಲ್ಲ. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಅಡ್ಡಲಾಗಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು ಬ್ಯಾರೇಜು ಕಟ್ಟಿದರು. ಮುಂದೆ ನಿಂತವರು ದಿ. ಸಿದ್ದು ನ್ಯಾಮಗೌಡರು. ಆ ಬ್ಯಾರೇಜಿಗೆ ಶ್ರಮಬಿಂದು ಸಾಗರ ಎಂದೇ ಹೆಸರು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ರಾಜ್ಯದ ಒಣಭೂಮಿ ರೈತರಿಗೆ ಪ್ಲಾಸ್ಟಿಕ್ ಹಾಸಿದ ಹೊಂಡದ ಪರಿಚಯವೂ ಆಯಿತು.

ಹೊಂಡ ತೋಡಿ ನೀರು ತುಂಬಿದ ಮೇಲೆ ಏಳುವ ಪ್ರಶ್ನೆ ಬೇರೆ. ಅಲ್ಲಿಂದ ಕಬ್ಬಿನ ಡ್ರಿಪ್ಪಿಗೆ ಯಾವ ಪಂಪು? ಅಂಗಡಿಗೆ ಹೋದರೆ ಕೇಳುವುದು ಒಂದೇ ಮಾತು: "ಎಷ್ಟು ಎಕರೆ ಐತ್ರಿ?" ನಾಲ್ಕು ಅಂದರೆ, "ಏಳೂವರೆ ಎಚ್.ಪಿ. ಹಾಕಿಬಿಡ್ರಿ, ಚಿಂತಿನ ಇಲ್ಲ." ಫಿಲ್ಟರಿನ ಮಾತು ಕಡೆಗೆ, ಬಿಲ್ಲು ಬರೆಯುವಾಗ. ನಾನು ನಾಲ್ಕು ಎಕರೆ ಕಬ್ಬಿಗೆ ಈ ಕ್ರಮವನ್ನು ತಿರುಗಿಸಿದೆ. ಮೊದಲು ನೀರು ನೋಡಿ ಫಿಲ್ಟರ್, ಆಮೇಲೆ ಹೊಲದ ಭಾಗ, ಎಲ್ಲಾ ಆದ ಮೇಲೆ ಪಂಪು. ಲೆಕ್ಕಕ್ಕೆ ಒಂದು ಹಾಳೆ ಸಾಕು.

ನಿಮ್ಮ ನೀರು ಎಂಥದು?

ಬೋರಿನ ನೀರಿನಲ್ಲಿ ಉಸುಕು ಬರುತ್ತಿದ್ದರೆ ಸೈಕ್ಲೋನ್ ಫಿಲ್ಟರ್ ಬೇಕು. ಅದು ನೀರನ್ನು ಸುಳಿಯಂತೆ ತಿರುಗಿಸಿ ಭಾರದ ಉಸುಕನ್ನು ಕೆಳಗೆ ಇಳಿಸುತ್ತದೆ. ಪಾಚಿಗೆ ಅದು ನಡೆಯದು. ಮಳೆಗಾಲದ ಹೊಳೆ ನೀರಿನಲ್ಲಿ ರಾಡಿ ಹೆಚ್ಚು. ಅದು ಹೊಂಡದಲ್ಲಿ ಕೆಲವು ದಿನ ನಿಂತು ತಳಕ್ಕೆ ಕೂರಲಿ. ಆದರೆ ನಿಂತ ನೀರಿಗೆ ಬಿಸಿಲು ಬಿದ್ದರೆ ಪಾಚಿ ಬಂದೇ ಬರುತ್ತದೆ. ಆದ್ದರಿಂದ ತೆರೆದ ಹೊಂಡಕ್ಕೆ ಉಸುಕಿನ ಫಿಲ್ಟರ್, ಅದರ ಮುಂದೆ ಡಿಸ್ಕ್ ಫಿಲ್ಟರ್, ಎರಡೂ ಬೇಕು. ಡಿಸ್ಕ್ 120 ಮೆಶ್ಶಿನದು ಸಾಕು. ಅದು ಮಿಲಿಮೀಟರಿನ ಎಂಟನೇ ಒಂದು ಪಾಲಿನಷ್ಟು ಸಣ್ಣ ಕಸವನ್ನೂ ತಡೆಯುತ್ತದೆ.

ಶಹರದ ಈಜುಕೊಳಗಳಲ್ಲಿ ಇರುವುದೂ ಇದೇ ಜಾತಿಯ ಉಸುಕಿನ ಫಿಲ್ಟರ್. ಒಂದು ಫರಕು ನೆನಪಿಡಬೇಕು. ಅಲ್ಲಿ ಅದೇ ನೀರು ತಿರುತಿರುಗಿ ಫಿಲ್ಟರಿಗೆ ಬರುತ್ತದೆ, ಕ್ಲೋರಿನ್ನೂ ಬೀಳುತ್ತದೆ. ನಮ್ಮ ನೀರು ಒಂದೇ ಸಲ ಹಾಯುತ್ತದೆ. ಆಗ ತಪ್ಪಿಸಿಕೊಂಡ ಕಸ ನೇರ ಡ್ರಿಪ್ಪರಿನ ಬಾಯಿಗೆ.

ನಮ್ಮ ಪಕ್ಕದ ಹೊಲದ ಹುಡುಗ ಏಳೂವರೆ ಮೋಟರಿಗೆ ಬರೀ ಜಾಳಿಗೆಯ ಸ್ಕ್ರೀನ್ ಫಿಲ್ಟರ್ ಹಾಕಿಸಿದ್ದ. ಎರಡೇ ತಿಂಗಳಿಗೆ ಸಾಲಿನ ತುದಿಯ ಕಬ್ಬು ಒಣಗತೊಡಗಿತು. "ಕಾಕಾ, ಮೋಟರ್ ದೊಡ್ಡದೈತಿ, ನೀರ್ಯಾಕ ಮುಟ್ಟವಲ್ದು?" ಅಂತ ಬಂದ. ಲ್ಯಾಟರಲಿನ ತುದಿ ಬಿಚ್ಚಿದರೆ ಹಸಿರು ಲೋಳೆ. ಪಾಚಿ ಮೆತ್ತಗಿರುತ್ತದೆ. ಮೋಟರಿನ ಒತ್ತಡಕ್ಕೆ ಶಾವಿಗೆ ಒತ್ತಿದ ಹಾಗೆ ಜಾಳಿಗೆಯಿಂದ ಪಾರಾಗುತ್ತದೆ. ದೊಡ್ಡ ಮೋಟರು ಅದನ್ನು ಇನ್ನೂ ಜೋರಾಗಿ ಒತ್ತುತ್ತದೆ, ಅಷ್ಟೆ. ಉಸುಕಿನ ಫಿಲ್ಟರ್ ಕೂಡಿಸಿ, ಲ್ಯಾಟರಲ್ ತೊಳೆದ ಮೇಲೆ ಅವನ ಕೂಳೆ ಕಬ್ಬು ಚೇತರಿಸಿತು. ಪೂರಾ ಕಟ್ಟಿದ ಡ್ರಿಪ್ಪರುಗಳನ್ನು ಬದಲಿಸಬೇಕಾಯಿತು.

ಇನ್ನೊಂದು ಮಾತು. ನೀರಿನಲ್ಲಿ ಕರಗಿದ ಉಪ್ಪನ್ನು ಯಾವ ಫಿಲ್ಟರೂ ತಡೆಯದು. ಸವುಳು ನೀರಿದ್ದವರು ಮೊದಲು ನೀರು ಪರೀಕ್ಷೆ ಮಾಡಿಸಿರಿ.

ಹೊಲವನ್ನು ಎಷ್ಟು ಭಾಗ ಮಾಡಬೇಕು?

ನನ್ನ ಸಾಲು ಐದು ಅಡಿ. 40 ಸೆಂಟಿಮೀಟರಿಗೊಂದು ಡ್ರಿಪ್ಪರ್, ಒಂದೊಂದಕ್ಕೆ ತಾಸಿಗೆ 2 ಲೀಟರ್. ಎಕರೆಗೆ ಸುಮಾರು 6,640 ಡ್ರಿಪ್ಪರ್, ಅಂದರೆ ತಾಸಿಗೆ 13,300 ಲೀಟರ್. ಬೇಸಿಗೆಯಲ್ಲಿ ಬೆಳೆದ ಕಬ್ಬಿಗೆ ದಿನಕ್ಕೆ 6 ಮಿ.ಮೀ. ನೀರು ಹಿಡಿದರೆ ಎಕರೆಗೆ 24,000 ಲೀಟರ್. ಒಂದು ಭಾಗಕ್ಕೆ 1 ತಾಸು 48 ನಿಮಿಷ ಬಿಟ್ಟರೆ ಸಾಕು.

ತ್ರೀಫೇಸ್ ಕರೆಂಟು ಏಳು ತಾಸು ಅನ್ನುತ್ತಾರೆ, ಕೈಗೆ ಆರು ಅಂತ ಹಿಡಿಯಿರಿ. ನಾಲ್ಕು ಎಕರೆಯನ್ನು ಮೂರು ಭಾಗ ಮಾಡಿದರೆ ಐದೂವರೆ ತಾಸಿನೊಳಗೆ ಮುಗಿಯುತ್ತದೆ. ಒಮ್ಮೆಗೆ ಬೇಕಾದ ನೀರು ತಾಸಿಗೆ 17,700 ಲೀಟರ್, ಸೆಕೆಂಡಿಗೆ ಸುಮಾರು 5 ಲೀಟರ್. ಎರಡೇ ಭಾಗ ಮಾಡಿದರೆ ಸೆಕೆಂಡಿಗೆ ಏಳೂವರೆ ಲೀಟರ್ ಬೇಕು. ಪಂಪು, ಪೈಪು, ಫಿಲ್ಟರ್ ಎಲ್ಲಾ ದೊಡ್ಡದಾಗುತ್ತವೆ. ಒಂದು ವಾಲ್ವ್ ಹೆಚ್ಚು ಹಾಕುವುದು ಅದಕ್ಕಿಂತ ಅಗ್ಗ.

ಫಿಲ್ಟರ್ ಕೊಳ್ಳುವಾಗ ಬೇಕಾದ ನೀರಿಗಿಂತ ಕಾಲುಭಾಗ ಹೆಚ್ಚಿನದು ಕೇಳಿರಿ. ನನ್ನ ಲೆಕ್ಕಕ್ಕೆ ತಾಸಿಗೆ 22,000 ಲೀಟರ್ ಹಾಯಿಸುವಂಥದು.

ಈಗ ಪಂಪು

ಪಂಪು ಎಷ್ಟು ಎತ್ತರ ಒತ್ತಬೇಕು ಎಂಬುದನ್ನು ಮೀಟರಿನಲ್ಲಿ ಕೂಡಿಸಿರಿ. ಗೇಜಿನ 1 ಕಿಲೊ ಒತ್ತಡ ಅಂದರೆ 10 ಮೀಟರ್. ನನ್ನ ಹೊಲದ್ದು ಹೀಗೆ:

ನೀರು ಇಳಿದಾಗಿನ ಮಟ್ಟದಿಂದ ಹೊಲದ ಎತ್ತರದ ಜಾಗ: 7 ಮೀ.
ಡ್ರಿಪ್ಪರ್ ಮತ್ತು ಲ್ಯಾಟರಲ್: 12 ಮೀ.
ಎರಡು ಫಿಲ್ಟರ್: 6 ಮೀ.
ಪೈಪು, ಬೆಂಡು, ವಾಲ್ವು: 4 ಮೀ.

ಒಟ್ಟು 29. ಸ್ವಲ್ಪ ಕೈ ಬಿಟ್ಟು 32 ಎಂದೆ. ಸೆಕೆಂಡಿನ ಲೀಟರನ್ನು 32ರಿಂದ ಗುಣಿಸಿ 75ರಿಂದ ಭಾಗಿಸಿದರೆ 2ಕ್ಕಿಂತ ಚೂರು ಹೆಚ್ಚು. ಪಂಪು ತಿಂದ ಶಕ್ತಿಯಲ್ಲಿ ಅರ್ಧದಷ್ಟೇ ಕೆಲಸಕ್ಕೆ ಬರುತ್ತದೆ ಎಂದು ಹಿಡಿದರೂ ನಾಲ್ಕು ಚಿಲ್ಲರೆ. ಹಾಗಾಗಿ 5 ಎಚ್.ಪಿ. ಮೊನೊಬ್ಲಾಕ್. ವೆಂಚುರಿಯಿಂದ ಗೊಬ್ಬರ ಕೊಡುವವರು ಅದಕ್ಕೆ ಬೇಕಾದ ಒತ್ತಡವನ್ನೂ ಕೂಡಿಸಿಕೊಳ್ಳಬೇಕು.

ಅಂಗಡಿಯಲ್ಲಿ ತೋರಿಸುವ ಹೆಚ್ಚಿನ ಹೆಡ್ ಒಂದು ಕಡೆಯದು, ಹೆಚ್ಚಿನ ನೀರು ಇನ್ನೊಂದು ಕಡೆಯದು. ಎರಡೂ ಒಟ್ಟಿಗೆ ಸಿಗವು. "32 ಮೀಟರ್ ಹೆಡ್‌ನ್ಯಾಗ ಎಷ್ಟು ನೀರು ಕೊಡ್ತದ?" ಎಂದೇ ಕೇಳಿರಿ.

ಹತ್ತು ಎಚ್.ಪಿ. ತನಕ ಬಿಲ್ಲಿಲ್ಲ, ದೊಡ್ಡದೇ ಇರಲಿ ಎನ್ನುವವರಿದ್ದಾರೆ. ಬಿಲ್ಲು ಇಲ್ಲದಿದ್ದರೂ ಟಿ.ಸಿ. ಮೇಲೆ ಭಾರ ಬೀಳುತ್ತದೆ. ಬೇಸಿಗೆಯಲ್ಲಿ ಅದು ಸುಟ್ಟರೆ ಆ ಲೈನಿನ ಎಲ್ಲರ ಕಬ್ಬೂ ಒಣಗುತ್ತದೆ.

ಕೂಡಿಸುವಾಗ, ನಡೆಸುವಾಗ

ಫುಟ್‌ವಾಲ್ವ್ ತಳಕ್ಕೆ ಬಿಡಬೇಡಿರಿ, ರಾಡಿ ಎಳೆಯುತ್ತದೆ. ಖಾಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಕಟ್ಟಿ ನೀರಿನ ಮೇಲ್ಮೈಯಿಂದ ಎರಡು ಅಡಿ ಕೆಳಗೆ ತೇಲಿಸಿರಿ. ಪಂಪಿನಿಂದ ನೀರಿನ ಮಟ್ಟಕ್ಕೆ 5 ಮೀಟರಿಗಿಂತ ಹೆಚ್ಚು ಆಗದಿರಲಿ.

ಫಿಲ್ಟರಿನ ಹಿಂದೊಂದು, ಮುಂದೊಂದು ಗೇಜು ಬೇಕೇ ಬೇಕು. ತೊಳೆದ ಫಿಲ್ಟರಿನಲ್ಲಿ ಎರಡರ ಫರಕು 0.2-0.3 ಕಿಲೊ. ಅದು 0.5 ದಾಟಿದರೆ ಉಲ್ಟಾ ನೀರು ಬಿಟ್ಟು ತೊಳೆಯಿರಿ. ಆ ಕೊಳೆ ನೀರು ಬದುವಿನ ಗಿಡಕ್ಕೆ ಹೋಗಲಿ, ಹೊಂಡಕ್ಕೆ ಬೇಡ. ವಾರಕ್ಕೊಮ್ಮೆ ಲ್ಯಾಟರಲ್ ತುದಿ ಬಿಚ್ಚಿ ಹರಿಸಿರಿ.

ಪಂಪು, ಫಿಲ್ಟರ್ ಕೂಡಿಸಿದ ದಿನವೇ ಬೇಲಿಯನ್ನೂ ಮುಗಿಸಿರಿ. ಬೇಸಿಗೆ ರಜೆಯಲ್ಲಿ ಹುಡುಗರಿಗೆ ಹೊಂಡ ಕಂಡರೆ ಈಜುವ ಆಸೆ. ಬಾವಿಗೆ ಮೆಟ್ಟಿಲಿರುತ್ತವೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕಾಲು ಊರುವುದಿಲ್ಲ, ಈಜು ಬಂದವರೂ ಹತ್ತಿ ಬರಲಾರರು. ಸುತ್ತ ಬೇಲಿ, ನಾಲ್ಕೂ ಮಗ್ಗಲಿಗೆ ಗಂಟು ಹಾಕಿದ ಹಗ್ಗ, ಒಂದೆರಡು ಗಾಳಿ ತುಂಬಿದ ಟ್ಯೂಬು ಇರಲಿ. ಪಂಪಿನ ಖರ್ಚಿನ ಪಟ್ಟಿಯಲ್ಲೇ ಇವನ್ನೂ ಬರೆದುಕೊಳ್ಳಿರಿ.