ಹೊಲದ ಅಂಗಿ, ಹುಲಿಗಿಯ ಸೀರೆ

ರಾಯಚೂರು ಜಿಲ್ಲೆಯ ತುರ್ವಿಹಾಳದ ಸುತ್ತ ಭತ್ತದ ನಾಟಿ ನಡೆದಾಗ ಗದ್ದೆಯ ಕಡೆ ಒಮ್ಮೆ ನೋಡಬೇಕು. ಸಾಲಾಗಿ ಬಗ್ಗಿದ ಹೆಂಗಸರು ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ, ತಲೆಗೆ ಟವೆಲು ಸುತ್ತಿರುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ಸೀಮೆಯ ಎರೆಹೊಲಗಳು ಗದ್ದೆಗಳಾದವು. ದಿನವಿಡೀ ಕೆಸರಿನಲ್ಲಿ ಬಗ್ಗುವ ಕೂಲಿ ಬಂತು. ಅಂಗಿ ಬಿಸಿಲು ತಡೆಯುತ್ತದೆ, ಸೆರಗು ಜಾರದಂತೆ ಹಿಡಿಯುತ್ತದೆ. ಹತ್ತಿ ಬಿಡಿಸುವಾಗ ಕಾಯಿಯ ಚೂಪು ಸಿಪ್ಪೆ ಮುಂಗೈ ಗೀರದಂತೆ ಕಾಯುತ್ತದೆ. ಗಂಡಸಿನ ಬಟ್ಟೆ ತೊಟ್ಟಳೆಂದು ಅಲ್ಲಿ ಯಾರೂ ಬೆರಳು ತೋರಿಸುವುದಿಲ್ಲ. ಅದೇ ಅಂಗಿಯಲ್ಲಿ ಆಕೆ ಮದುವೆಮನೆಗೆ ಹೋದರೆ ಮಾತು ಶುರುವಾಗುತ್ತದೆ.

ಹೆಣ್ಣಿಗೆ ಗಂಡಿನ ಬಟ್ಟೆಯನ್ನು ದುಡಿಮೆ ಕೊಟ್ಟಿತು. ಗಂಡಾಗಿ ಹುಟ್ಟಿದವರು ಸೀರೆ ಉಡಬೇಕೆಂದರೆ ಊರು ಒಪ್ಪುತ್ತಿದ್ದದ್ದು ಎರಡೇ ಕಡೆ. ಒಂದು ಬಯಲಾಟದ ಅಟ್ಟ. ಅಲ್ಲಿ ಸ್ತ್ರೀಪಾತ್ರಕ್ಕೆ ಮೆಚ್ಚುಗೆಯುಂಟು, ಬೆಳಗಾದರೆ ವೇಷ ಕಳಚಬೇಕು. ರಂಗದ ಮೇಲೆ ಈ ಅದಲುಬದಲು ತಿರುವುಮುರುವಾಗಿಯೂ ನಡೆದಿದೆ: ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಗಂಡುಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿದರು.

ಇನ್ನೊಂದು ಕಡೆ ದೇವಿಯ ಗುಡಿ. ಕೊಪ್ಪಳ ಜಿಲ್ಲೆಯ ಹುಲಿಗಿಯ ಹುಲಿಗೆಮ್ಮ, ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ದೀಕ್ಷೆಯ ಮುತ್ತು ಕಟ್ಟಿಸಿಕೊಂಡ ಜೋಗಪ್ಪಂದಿರು ಸೀರೆ, ಕುಪ್ಪಸ, ಬಳೆ ತೊಡುತ್ತಾರೆ. ಬಳ್ಳಾರಿ ಸೀಮೆಯ ಕಲ್ಲುಕಂಬದ ಮಂಜಮ್ಮ ಜೋಗತಿ ಹದಿಹರೆಯದಲ್ಲಿ ಹುಲಿಗಿಯಲ್ಲಿ ದೀಕ್ಷೆ ಪಡೆದರು. ಗಂಡುಮಗುವಿನ ಸೊಂಟಕ್ಕೆ ಕಟ್ಟಿದ ಉಡುದಾರವನ್ನು ಅಂದು ಕತ್ತರಿಸಿದರು. ಮಗ ಇನ್ನಿಲ್ಲವೆಂಬಂತೆ ತಾಯಿ ಅತ್ತದ್ದನ್ನು ಮಂಜಮ್ಮ ಮುಂದೆ ಹೇಳಿಕೊಂಡಿದ್ದಾರೆ. ಒಂದು ದಾರ, ಒಂದು ಸೀರೆ. ಅಷ್ಟರಲ್ಲಿ ಮನೆಯೊಳಗಿನ ಜಾಗವೇ ಬದಲಾಗಿಹೋಯಿತು. ನನಗನಿಸುವಂತೆ ದೇವಿಯ ಅಪ್ಪಣೆ ಜೋಗಪ್ಪಂದಿರಿಗೆ ಆಸರೆಯೂ ಹೌದು, ಕಟ್ಟೂ ಹೌದು. ದೇವಿಯ ಹೆಸರಿಲ್ಲದೆ, ತನಗೆ ಬೇಕೆಂಬ ಒಂದೇ ಕಾರಣಕ್ಕೆ ಸೀರೆ ಉಟ್ಟವರಿಗೆ ಊರು ಕೈಮುಗಿಯುತ್ತಿರಲಿಲ್ಲ.

ಜೋಗತಿ ಕುಣಿತದ ಕಲಾವಿದೆಯಾಗಿ ಬೆಳೆದ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್ 9ರಂದು ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದು ಹರಸಿದರು. ಅವರ ಆತ್ಮಕಥೆಯ ಹೆಸರು 'ನಡುವೆ ಸುಳಿವ ಹೆಣ್ಣು'. ಮೈಗುರುತು ನೋಡಿ ಹೆಣ್ಣು ಗಂಡೆನ್ನುವ ರೂಢಿಯನ್ನು ಪ್ರಶ್ನಿಸಿದ ವಚನಕಾರ ಜೇಡರ ದಾಸಿಮಯ್ಯನನ್ನು ಆ ಹೆಸರು ನೆನಪಿಸುತ್ತದೆ. ದಾಸಿಮಯ್ಯ ಇದೇ ಕಲ್ಯಾಣ ಕರ್ನಾಟಕದ ಮುದನೂರಿನವನು, ಬಟ್ಟೆ ನೇಯುತ್ತಿದ್ದವನು.

ಕಾನೂನು ಬಹಳ ತಡವಾಗಿ ಬಂತು. ಉಡುಪು, ಮಾತು, ನಡೆಯ ಮೂಲಕ ತನ್ನ ಲಿಂಗಭಾವವನ್ನು ತೋರಿಸಿಕೊಳ್ಳುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಸೇರುತ್ತದೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಹೇಳಿತು. ಬೇರೆ ದೇಶಗಳೂ ಈ ವಿಷಯದಲ್ಲಿ ಮುಂದಿದ್ದವೆನ್ನಲಾಗದು. ಪ್ಯಾರಿಸ್‌ನಲ್ಲಿ ಹೆಂಗಸರು ಪ್ಯಾಂಟು ತೊಡಲು ಪೊಲೀಸರ ಅನುಮತಿ ಕೇಳಬೇಕೆಂಬ 1800ರ ಆದೇಶ ಆಚರಣೆಯಲ್ಲಿ ಎಂದೋ ಸತ್ತಿತ್ತು. ಅದಕ್ಕೆ ಬೆಲೆಯಿಲ್ಲವೆಂದು ಸರಕಾರ ಘೋಷಿಸಿದ್ದು 2013ರಲ್ಲಿ.

ಮತ್ತೆ ಗದ್ದೆಯ ಅಂಗಿಗೆ ಬರೋಣ. ಅದಕ್ಕೊಂದು ಜೇಬಿದೆ. ಸೀರೆ-ಕುಪ್ಪಸಕ್ಕೆ ಜೇಬಿಲ್ಲ, ಹಿಂದೆ ಎಲೆಅಡಿಕೆ, ಚಿಲ್ಲರೆ ಎಲ್ಲ ಸೊಂಟದ ಸಂಚಿಯಲ್ಲಿತ್ತು. ಈಗ ಮೊಬೈಲು, ಮಡಚಿದ ಕೂಲಿ ನೋಟು ಆ ಜೇಬಿನಲ್ಲಿರುತ್ತವೆ. ಸಂಜೆ ಊರು ಹತ್ತಿರವಾದಾಗ ಅಂಗಿ ಕಳಚಿ ಬುತ್ತಿಗಂಟಿಗೆ ಸೇರುತ್ತದೆ. ಮೊಬೈಲು ಕೈಗೆ ಬರುತ್ತದೆ, ನೋಟು ಸೆರಗಿನ ತುದಿಗೆ ಗಂಟಾಗುತ್ತದೆ.